ಬೀಟಾ ಹಾಕಿದ್ಮೇಲೆ ರೌಟರ್ ಗ್ರಾಫ್ ಸುಳ್ಳು ಹೇಳ್ತಿದ್ಯಾ? ರಿಪೇರಿ ಮಾಡೋದಾ, ವಾಪಸ್ ಹೋಗೋದಾ, ಲೆಕ್ಕವನ್ನೇ ಹೊರಗಿಡೋದಾ

"ಬೀಟಾ ಹಾಕ್ದೆ, ವೈಫೈ ಮಸ್ತಾಗಿದೆ, ಆದ್ರೆ ಟ್ರಾಫಿಕ್ ಮಾನಿಟರ್ ಏನೇನೋ ತೋರಿಸ್ತಿದೆ, ಈಗ ಏನ್ ಮಾಡ್ಲಿ?" ಬೀಟಾ ಅಂದ್ರೆ ರೌಟರ್ ಒಳಗಿನ ಸಾಫ್ಟ್‌ವೇರ್‌ನ (ಫರ್ಮ್‌ವೇರ್) ಇನ್ನೂ ಪರೀಕ್ಷೆಯಲ್ಲಿರೋ ವರ್ಷನ್, ಸ್ಟೇಬಲ್ ಅಂದ್ರೆ ಪರೀಕ್ಷೆ ಮುಗಿದಿರೋದು, ಟ್ರಾಫಿಕ್ ಮಾನಿಟರ್ ಅಂದ್ರೆ ಎಷ್ಟು ಡೇಟಾ ಹೋಯ್ತು ಅಂತ ರೌಟರ್ ತೋರಿಸೋ ಲೆಕ್ಕ. ಪ್ರಶ್ನೆ ಒಂದೇ, ಆದ್ರೆ ಕೇಳೋರ ಪರಿಸ್ಥಿತಿ ಒಂದೇ ಥರ ಇರಲ್ಲ. ಡೊಂಬಿವಲಿಯಲ್ಲಿ ಗಂಡ ಹೆಂಡ್ತಿ ಇಬ್ರೂ ಮನೆಯಿಂದಾನೇ ಕೆಲಸ ಮಾಡೋರು, ಮುಲುಂಡ್‌ನಲ್ಲಿ ಹೋಟೆಲ್ ನಡೆಸೋ ಶೆಟ್ರು, ಹಿಂಜವಡಿ ಹತ್ರ ಫ್ಲಾಟ್ ಹಂಚ್ಕೊಂಡಿರೋ ಹುಬ್ಬಳ್ಳಿ ಕಡೆ ಹುಡುಗ್ರು, ವಾಸ್ಕೋದಲ್ಲಿ ಎರಡು ರೂಮು ಬಾಡಿಗೆಗೆ ಕೊಡೋ ಒಬ್ರು ಅಕ್ಕ, ಇವರಿಗೆಲ್ಲ ಒಂದೇ ಉತ್ತರ ಕೊಟ್ರೆ ಮೂರು ಜನಕ್ಕೆ ಅದು ತಪ್ಪು ಉತ್ತರ. ಹಾಗಾಗಿ ಮೊದ್ಲು ಯಾವ್ಯಾವ ವಿಷಯ ನೋಡಿ ತೀರ್ಮಾನ ಮಾಡ್ಬೇಕು ಅನ್ನೋದು ಹೇಳ್ತೀನಿ, ಆಮೇಲೆ ಒಂದೊಂದೇ ದಾರಿ.

ಮೊದ್ಲು ಇದನ್ನ ಇತ್ಯರ್ಥ ಮಾಡ್ಕೊಳ್ಳಿ

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ನಿಮಗೆ ಗೊತ್ತಾಗ್ಬೇಕಾಗಿರೋದು ಏನು ಅನ್ನೋದು. ತಿಂಗಳಿಗೆ ಒಟ್ಟು ಎಷ್ಟು ಜಿಬಿ ಹೋಯ್ತು ಅಂತಾನಾ (ಅನ್‌ಲಿಮಿಟೆಡ್ ಅಂತ ಮಾರೋ ಎಷ್ಟೋ ಪ್ಲಾನ್‌ಗಳ ಒಳಗೆ 3300 ಜಿಬಿ ಎಫ್‌ಯುಪಿ, ಅಂದ್ರೆ ದಾಟಿದ್ರೆ ಸ್ಪೀಡ್ ಇಳಿಸೋ ಮಿತಿ, ಅಡಗಿರತ್ತೆ), ಯಾವ ಮೊಬೈಲು ಯಾವ ಟಿವಿ ಎಷ್ಟು ಎಳೀತಿದೆ ಅಂತಾನಾ, ಇಲ್ಲಾ ಲೈನ್ ಯಾವಾಗ ಬಿತ್ತು ಯಾವಾಗ ಎದ್ದಿತು ಅಂತಾನಾ? ಈ ಮೂರೂ ಬೇರೆ ಬೇರೆ ಲೆಕ್ಕ. ಮೊದಲನೇದು ಸುಲಭ, ಮೂರನೇದಕ್ಕೆ ರೌಟರ್ ಸಹಾಯಾನೇ ಬೇಕಾಗಿಲ್ಲ, ತಲೆನೋವು ಇರೋದೆಲ್ಲ ಎರಡನೇದ್ರಲ್ಲಿ. ಬೀಟಾದಲ್ಲಿ ಮೊದ್ಲು ಕೆಡೋದೂ ಸಾಮಾನ್ಯವಾಗಿ ಅದೇ.

ಆಮೇಲೆ ಲೈನ್ ಸ್ಪೀಡು. 100 ಎಂಬಿಪಿಎಸ್ ಪ್ಲಾನ್ ಇರೋರಿಗೆ ಸುಮ್ನೆ ಒಂದು ಟಿಕ್ (ಹಾರ್ಡ್‌ವೇರ್ ಆಕ್ಸಿಲರೇಷನ್ ಅನ್ನೋದು, ಮುಂದೆ ಹೇಳ್ತೀನಿ) ತೆಗೆದ್ರೆ ಮುಗಿಯೋ ಕೆಲಸ, ಗಿಗಾಬಿಟ್ ಇರೋರಿಗೆ ಅದೇ ಟಿಕ್ ತೆಗೆದ್ರೆ ಸ್ಪೀಡೇ ಹೋಗತ್ತೆ. ಮೂರನೇದು, ನೀವು ಬೀಟಾ ಯಾಕೆ ಹಾಕಿದ್ರಿ? ನಿಜವಾಗ್ಲೂ ಸ್ಟೇಬಲ್‌ನಲ್ಲಿ ಇದ್ದ ಒಂದು ತೊಂದ್ರೆ (ವೈಫೈ ಕಟ್ ಆಗೋದು, ಐಪಿವಿ6 ಅನ್ನೋ ಹೊಸ ಥರದ ಇಂಟರ್ನೆಟ್ ಅಡ್ರೆಸ್ ಬರದೇ ಇರೋದು) ಅದ್ರಿಂದ ಹೋಯ್ತಾ, ಇಲ್ಲಾ ಹೊಸದು ಬಂದಿದೆ ನೋಡೋಣ ಅಂತ ಹಾಕಿದ್ರಾ? ಎರಡನೇದಾದ್ರೆ ನಾಚ್ಕೊಳ್ಳೋಕೇನಿಲ್ಲ, ನಾವೆಲ್ಲ ಅದೇ ಜಾತಿ, ಆದ್ರೆ ಉತ್ತರ ಬದಲಾಗತ್ತೆ. ಕೊನೇದು, ಮನೇಲಿ ಇನ್ಯಾರಿದಾರೆ, ರೌಟರ್ ರೀಬೂಟ್ ಆದ್ರೆ ಯಾರ ಮೀಟಿಂಗ್ ಕಟ್ ಆಗತ್ತೆ, ಕೈಯಲ್ಲಿ ಎಷ್ಟು ದುಡ್ಡು ಎಷ್ಟು ಭಾನುವಾರ ಇದೆ.

ಗ್ರಾಫ್ ಸುಳ್ಳಾ, ಲೈನೇ ಹಾಗಾ?

ಯಾವ ದಾರಿ ಹಿಡಿಯೋದಕ್ಕೂ ಮುಂಚೆ ಹತ್ತು ನಿಮಿಷದ ಒಂದು ಪರೀಕ್ಷೆ ಮಾಡಿ. ಮನೇಲಿ ಬೇರೆಯವರ ಫೋನೆಲ್ಲ ವೈಫೈಯಿಂದ ಬಿಡಿಸಿ, ಒಂದು ಲ್ಯಾಪ್‌ಟಾಪ್ ಕೇಬಲ್‌ನಲ್ಲಿ ಹಾಕಿ, ರೌಟರ್ ಪೇಜಲ್ಲಿ ಈಗಿನ ಲೆಕ್ಕ ಬರ್ಕೊಳ್ಳಿ. ಸರಿಯಾಗಿ 1 ಜಿಬಿ ಇರೋ ಒಂದು ಫೈಲ್ ಡೌನ್‌ಲೋಡ್ ಮಾಡಿ (ಯಾವುದಾದ್ರೂ ಲಿನಕ್ಸ್ ಐಎಸ್‌ಒ ಆದ್ರೂ ಸರಿ, ಸೈಜ್ ಗೊತ್ತಿದ್ರೆ ಆಯ್ತು), ಆಮೇಲೆ ಮತ್ತೆ ಲೆಕ್ಕ ನೋಡಿ. ಪ್ಯಾಕೆಟ್‌ಗಳ (ಡೇಟಾ ಸಾಗೋ ಸಣ್ಣ ತುಂಡುಗಳ) ಹೆಡರ್, ಅಂದ್ರೆ ಅವುಗಳ ಮೇಲಿನ ವಿಳಾಸದ ಚೀಟಿ, ಎಲ್ಲ ಸೇರಿ 1.03ರಿಂದ 1.05 ಜಿಬಿ ಏರಿದ್ರೆ ಲೆಕ್ಕ ಸರಿ ಇದೆ. 0.96, 0.97 ಅಂತ ತೋರಿಸಿದ್ರೂ ಸರಿ ಇದೆ, ಅದು 1024ರ ಲೆಕ್ಕದ ಜಿಬಿ, ಸಾವಿರದ ಲೆಕ್ಕದ್ದಕ್ಕಿಂತ ಏಳು ಪರ್ಸೆಂಟ್ ದೊಡ್ಡದು, ಐಎಸ್‌ಪಿ (ನೆಟ್ ಕೊಡೋ ಕಂಪನಿ) ಪೋರ್ಟಲ್‌ಗೂ ನಿಮ್ಮ ರೌಟರ್‌ಗೂ ತಿಂಗಳ ಕೊನೇಲಿ ಜಗಳ ಹತ್ತೋದು ಎಷ್ಟೋ ಸಲ ಇಷ್ಟಕ್ಕೇ.

ಡಬಲ್ ತೋರಿಸಿದ್ರೆ ಅದಕ್ಕೊಂದು ಹಳೇ ಕಾರಣ ಇದೆ. ಇಲ್ಲಿ ಕೇಬಲ್‌ವಾಲಾ ಕನೆಕ್ಷನ್ ತುಂಬಾ ಕಡೆ ಪಿಪಿಪಿಒಇ (ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗೋ ಥರದ್ದು), ಅಂದ್ರೆ ಹೊರಗಿನ ಲೈನ್ ಬರೋ ವ್ಯಾನ್ ಪೋರ್ಟ್ ಒಂದು ಇಂಟರ್‌ಫೇಸು, ಅದರ ಮೇಲೆ ಪಿಪಿಪಿಒಇ ಇನ್ನೊಂದು ಇಂಟರ್‌ಫೇಸು, ಒಂದೇ ಡೇಟಾ ಎರಡ್ರಲ್ಲೂ ಹಾದು ಹೋಗತ್ತೆ. ಮಾನಿಟರ್ ಎರಡನ್ನೂ ಕೂಡಿಸಿದ್ರೆ ನಿಮ್ಮ 40 ಜಿಬಿ 80 ಆಗತ್ತೆ. ಬರೀ ಲ್ಯಾನ್ ಸೈಡ್ (ಮನೆಯೊಳಗಿನ ನೆಟ್‌ವರ್ಕ್) ಲೆಕ್ಕ ನೋಡ್ತಿದ್ರೆ ಮನೆಯೊಳಗೇ ಲ್ಯಾಪ್‌ಟಾಪ್‌ನಿಂದ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿದ ಸಿನಿಮಾನೂ ಇಂಟರ್ನೆಟ್ ಖರ್ಚಿನಲ್ಲಿ ಬಂದು ಕೂರಬಹುದು.

ತುಂಬಾ ಕಮ್ಮಿ ತೋರಿಸ್ತಿದೆ, 1 ಜಿಬಿ ಎಳೆದ್ರೆ 30 ಎಂಬಿ ಅಂತಿದೆ ಅಂದ್ರೆ ಅನುಮಾನ ನೇರ ಹಾರ್ಡ್‌ವೇರ್ ಆಕ್ಸಿಲರೇಷನ್ ಮೇಲೆ. ರೌಟರ್‌ನ ಸಿಪಿಯು ಪಾಪದ್ದು, ಗಿಗಾಬಿಟ್ ತಳ್ಳೋ ಶಕ್ತಿ ಅದಕ್ಕಿಲ್ಲ, ಅದಕ್ಕೆ ಒಂದು ಕನೆಕ್ಷನ್‌ನ ಮೊದಲ ಕೆಲವು ಪ್ಯಾಕೆಟ್ ಮಾತ್ರ ಸಿಪಿಯು ನೋಡಿ ಮಿಕ್ಕಿದ್ದನ್ನ ಚಿಪ್‌ನಲ್ಲಿರೋ ಶಾರ್ಟ್‌ಕಟ್‌ಗೆ ಬಿಟ್ಬಿಡತ್ತೆ. ಲೆಕ್ಕ ಹಾಕೋ ಸಾಫ್ಟ್‌ವೇರ್ ಕೂತಿರೋದು ಸಿಪಿಯು ಕಡೆ. ಕೋಪರ್ ಸ್ಟೇಷನ್‌ನಲ್ಲಿ ಕೂತ್ಕೊಂಡು ನಿಲ್ಲದೇ ಹೋಗೋ ಫಾಸ್ಟ್ ಲೋಕಲ್‌ನ ಪ್ಯಾಸೆಂಜರ್ ಎಣಿಸಿದ ಹಾಗೆ. ಸ್ಟೇಬಲ್ ಫರ್ಮ್‌ವೇರ್‌ನಲ್ಲಿ ಆ ಚಿಪ್‌ನಿಂದ ಆಗಾಗ ಲೆಕ್ಕ ಕೇಳಿ ಸೇರಿಸೋ ಕೋಡ್ ಇರತ್ತೆ, ಬೀಟಾದಲ್ಲಿ ಚಿಪ್ ಕಂಪನಿಯ ಹೊಸ ಡ್ರೈವರ್ ಹಾಕಿದಾಗ ಆ ಕೊಂಡಿ ತಪ್ಪಿರಬಹುದು. ಅದನ್ನ ಯಾರೂ ಗಮನಿಸಿರಲ್ಲ, ಯಾಕಂದ್ರೆ ಟೆಸ್ಟ್ ಮಾಡೋರೆಲ್ಲ ಸ್ಪೀಡ್ ನೋಡ್ತಾರೆ, ಗ್ರಾಫ್ ಯಾರೂ ನೋಡಲ್ಲ.

ಲೆಕ್ಕ ಸರಿ ಇದೆ ಆದ್ರೆ ರೀಬೂಟ್ ಆದ ಮೇಲೆ ಮಾಯ ಅಂದ್ರೆ, ಅದು ಸ್ಟೋರೇಜ್ ವಿಷಯ, ರ‍್ಯಾಮ್‌ನಲ್ಲಿ ಬರ್ಕೊಂಡಿದ್ದು ರ‍್ಯಾಮ್ ಜೊತೆ ಹೋಗತ್ತೆ. ಇನ್ನೊಂದು ಮಜಾ, ದಿನದ ಲೆಕ್ಕ ನಡುರಾತ್ರಿ ಬದಲಾಗದೇ ಬೆಳಿಗ್ಗೆ ಐದೂವರೆಗೆ ಬದಲಾಗ್ತಿದ್ರೆ ಅಪ್‌ಡೇಟ್‌ನಲ್ಲಿ ಟೈಮ್‌ಝೋನ್ ಅಳಿಸಿ ಹೋಗಿ ಯುಟಿಸಿಗೆ (ನಮ್ಮ ಟೈಮ್‌ಗಿಂತ ಐದೂವರೆ ಗಂಟೆ ಹಿಂದಿರೋ ಜಾಗತಿಕ ಸಮಯ) ಬಂದಿದೆ ಅಂತ ಅರ್ಥ. ಇದಕ್ಕೆ ಫರ್ಮ್‌ವೇರ್ ಬದಲಾಯಿಸೋರನ್ನೂ ನೋಡಿದೀನಿ!

ದಾರಿ ಒಂದು: ಬೀಟಾದಲ್ಲೇ ಇದ್ದು ಸರಿ ಮಾಡ್ಕೊಳ್ಳೋದು

ಖರ್ಚು ಸೊನ್ನೆ. ಮೊದ್ಲು ಆಕ್ಸಿಲರೇಷನ್ ಆಫ್ ಮಾಡಿ ಮೇಲಿನ 1 ಜಿಬಿ ಪರೀಕ್ಷೆ ಮತ್ತೆ ಮಾಡಿ, ಜೊತೆಗೆ ಸ್ಪೀಡ್ ಟೆಸ್ಟನ್ನೂ ಮುಂಚೆ ಆಮೇಲೆ ಎರಡು ಸಲ ಮಾಡಿ. ಲೆಕ್ಕ ಸರಿಯಾಗಿ ಸ್ಪೀಡೂ ಉಳಿದ್ರೆ ಅಲ್ಲಿಗೇ ನಿಲ್ಲಿಸಿ, ಮುಂದೆ ಓದೋದೂ ಬೇಡ. 100, 150 ಪ್ಲಾನ್ ಇರೋ ಹೆಚ್ಚಿನ ಮನೆಗಳಿಗೆ ಇದು ಸಾಕು. 300 ದಾಟಿದ್ಮೇಲೆ ಅದು ರೌಟರ್ ಎಷ್ಟು ಗಟ್ಟಿ ಅನ್ನೋದ್ರ ಮೇಲೆ ಹೋಗತ್ತೆ, ಗಿಗಾಬಿಟ್‌ನಲ್ಲಿ ಹೆಚ್ಚಿನ ಮನೆ ರೌಟರ್‌ಗಳು ಇದನ್ನ ಖುಷಿಯಿಂದ ಮಾಡಲ್ಲ.

ಏಸಸ್ ರೌಟರ್‌ಗೆ ಮರ್ಲಿನ್ (ಏಸಸ್ ಫರ್ಮ್‌ವೇರನ್ನೇ ಹೊರಗಿನವರು ಬದಲಾಯಿಸಿ ಕೊಡೋದು) ಹಾಕ್ಕೊಂಡಿರೋರು ಗಮನಿಸಿ, ಅದರಲ್ಲಿ ಐಪಿ ಪ್ರಕಾರ ಲೆಕ್ಕ ಇಡೋ ಹಳೇ ಮಾನಿಟರ್‌ಗೂ ಹಾರ್ಡ್‌ವೇರ್ ಆಕ್ಸಿಲರೇಷನ್‌ಗೂ ಎಣ್ಣೆ ಸೀಗೆಕಾಯಿ, ಅದು ಬೀಟಾ ತಪ್ಪಲ್ಲ, ಮುಂಚಿಂದಾನೂ ಹಾಗೇ. ಏಸಸ್‌ನ ಟ್ರಾಫಿಕ್ ಅನಲೈಸರ್ ಬೇರೆ, ಅದು ಟ್ರೆಂಡ್ ಮೈಕ್ರೋ ಎಂಜಿನ್ ಮೇಲೆ ನಡೆಯೋದು, ಯಾವ ಆ್ಯಪ್ ಎಷ್ಟು ಅಂತ ಚೆನ್ನಾಗಿ ತೋರಿಸತ್ತೆ, ಆದ್ರೆ ಶುರುವಿನಲ್ಲೇ ಅವರ ಡೇಟಾ ಷರತ್ತಿಗೆ ಒಪ್ಪಿಗೆ ಕೇಳತ್ತೆ, ಮನೆಮಂದಿ ಏನ್ ನೋಡ್ತಾರೆ ಅನ್ನೋದು ಹೊರಗಿನವರ ಎಂಜಿನ್ ಕಣ್ಣಿಗೆ ಬೀಳೋದು ಇಷ್ಟ ಇಲ್ಲ ಅನ್ನೋರು ಅದನ್ನ ಬಿಡ್ಬೇಕು.

ಆಕ್ಸಿಲರೇಷನ್ ಅಲ್ಲ ಅಂತಾದ್ರೆ ಮಾನಿಟರ್‌ನ ಹಳೇ ಡೇಟಾಬೇಸ್ ಅಳಿಸಿ ಹೊಸದಾಗಿ ಶುರು ಮಾಡಿ. ಅಪ್‌ಡೇಟ್ ಆದಾಗ ಇಂಟರ್‌ಫೇಸ್ ಹೆಸರು ಬದಲಾಗೋದು ಸಾಮಾನ್ಯ, ಮುಂಚೆ ಇಟಿಎಚ್0 ಇದ್ದದ್ದು ಈಗ ವ್ಯಾನ್ ಆಗಿರತ್ತೆ, ಲೆಕ್ಕ ಇಡೋ ವಿಎನ್‌ಸ್ಟ್ಯಾಟ್ ಅನ್ನೋ ಸಾಫ್ಟ್‌ವೇರ್ ಮಾತ್ರ ಹಳೇ ಹೆಸರನ್ನೇ ಕಾಯ್ತಾ ಕೂತಿರತ್ತೆ, ಗ್ರಾಫ್ ಖಾಲಿ. ಆಮೇಲೆ ಗಡಿಯಾರ. ಮನೆ ರೌಟರ್‌ಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿ ಗಡಿಯಾರ ಇರಲ್ಲ, ಲೈಟ್ ಹೋಗಿ ಬಂದ ಮೇಲೆ ಎನ್‌ಟಿಪಿಯಿಂದ (ನೆಟ್ ಮೂಲಕ ಟೈಮ್ ಕೊಡೋ ಸರ್ವಿಸ್) ಟೈಮ್ ಸಿಗೋವರೆಗೂ ಅದಕ್ಕೆ ಇವತ್ತು ಯಾವ ವರ್ಷ ಅಂತಾನೇ ಗೊತ್ತಿರಲ್ಲ, ಆ ಹೊತ್ತಲ್ಲಿ ಲೆಕ್ಕ ಬರೆದ್ರೆ ಎಲ್ಲೋ ಹಳೇ ತಾರೀಖಿಗೆ ಹೋಗಿ ಬೀಳತ್ತೆ. ಮಳೆಗಾಲದಲ್ಲಿ ಗೋವಾ ಕಡೆಯವರಿಗೆ ಇದು ಹೇಳ್ಬೇಕಾಗಿಲ್ಲ, ರೌಟರ್‌ಗೂ ಫೈಬರ್ ಡಬ್ಬಿಗೂ ಸೇರಿ ಒಂದು 12 ವೋಲ್ಟ್ ಮಿನಿ ಯುಪಿಎಸ್ ಹಾಕಿದ್ರೆ ಅರ್ಧ "ಬೀಟಾ ಬಗ್" ತಾನಾಗೇ ಹೋಗತ್ತೆ (ಎರಡರ ಅಡಾಪ್ಟರ್ ಮೇಲೂ 12 ವೋಲ್ಟ್ ಅಂತಾನೇ ಇದ್ಯಾ, ಒಟ್ಟು ಆಂಪಿಯರ್ ಎಷ್ಟು, ನೋಡ್ಕೊಂಡೇ ತಗೊಳ್ಳಿ).

ಡಿವೈಸ್ ಪ್ರಕಾರ ಲೆಕ್ಕ ಬೇಕು ಅನ್ನೋರಿಗೆ ಒಂದು ಎಚ್ಚರಿಕೆ. ಆಂಡ್ರಾಯ್ಡ್ 10, ಐಒಎಸ್ 14 ಬಂದ ಮೇಲೆ ಫೋನ್‌ಗಳು ನಿಜವಾದ ಮ್ಯಾಕ್ ಅಡ್ರೆಸ್ (ಪ್ರತಿ ಡಿವೈಸ್‌ಗೂ ಇರೋ ಗುರುತಿನ ನಂಬರ್) ಕೊಡಲ್ಲ, ನೆಟ್‌ವರ್ಕ್‌ಗೊಂದು ಸುಳ್ಳು ಅಡ್ರೆಸ್ ಕೊಡ್ತಾವೆ. ಫೋನಲ್ಲಿ ನೆಟ್‌ವರ್ಕ್ ಮರೆತು ಮತ್ತೆ ಸೇರಿದ್ರೆ ರೌಟರ್ ಕಣ್ಣಿಗೆ ಅದು ಹೊಸ ಫೋನೇ ಆಗಿ ಕಾಣಬಹುದು. ನಿಮ್ಮ ಮನೆ ವೈಫೈಗೆ ಮಾತ್ರ ಆ ಪ್ರೈವೇಟ್ ಅಡ್ರೆಸ್ ಆಫ್ ಮಾಡಿ. ಐಪಿವಿ6 ಇನ್ನೊಂದು, ಒಂದೇ ಫೋನ್‌ಗೆ ನಾಲ್ಕೈದು ಐಪಿವಿ6 ಅಡ್ರೆಸ್ ಇರತ್ತೆ, ಬರೀ ಐಪಿವಿ4 ಎಣಿಸೋ ಮಾನಿಟರ್‌ಗೆ ಯೂಟ್ಯೂಬ್ ಟ್ರಾಫಿಕ್ ಕಾಣ್ಸೋದೇ ಇಲ್ಲ. ಇದು ಸ್ಟೇಬಲ್‌ಗೆ ವಾಪಸ್ ಹೋದ್ರೂ ಸರಿ ಹೋಗೋ ವಿಷಯ ಅಲ್ಲ.

ಯಾರಿಗೆ ಬೇಡ ಈ ದಾರಿ? ಮುಂದಿನ ಬೀಟಾ ಬಂದಾಗೆಲ್ಲ ಇಷ್ಟೂ ಮತ್ತೆ ಮಾಡೋ ತಾಳ್ಮೆ ಇಲ್ಲದೋರಿಗೆ.

ದಾರಿ ಎರಡು: ಸ್ಟೇಬಲ್‌ಗೆ ವಾಪಸ್

ಸುಮ್ನೆ ಕುತೂಹಲಕ್ಕೆ ಬೀಟಾ ಹಾಕಿದೋರಿಗೆ, ಮನೇಲಿ ಇಬ್ರು ಕೆಲಸ ಮಾಡೋರಿಗೆ, ನನ್ನ ಪ್ರಕಾರ ಇದೇ. ಡೊಂಬಿವಲಿಯವರಿಗೆ ನಾನು ಹೇಳಿದ್ದೂ ಇಷ್ಟೇ, ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್ ಇರೋ ಮನೇಲಿ ರಾತ್ರಿ ಹನ್ನೆರಡಕ್ಕೆ ಫರ್ಮ್‌ವೇರ್ ಜೊತೆ ಆಟ ಬೇಡ.

ಆದ್ರೆ ವಾಪಸ್ ಹೋಗೋದು ಹಳೇ ಫೈಲ್ ಅಪ್‌ಲೋಡ್ ಮಾಡಿದಷ್ಟು ಸಲೀಸಲ್ಲ. ಬೀಟಾದಲ್ಲಿ ತೆಗೆದ ಬ್ಯಾಕಪ್ ಸ್ಟೇಬಲ್‌ನಲ್ಲಿ ಹಾಕ್ಬೇಡಿ. ಹೊಸ ಫರ್ಮ್‌ವೇರ್ ಸೆಟ್ಟಿಂಗ್‌ಗಳನ್ನ ಬೇರೆ ರೂಪದಲ್ಲಿ ಬರೆದಿರತ್ತೆ, ಹಳೇದು ಅದನ್ನ ಅರ್ಧಂಬರ್ಧ ಓದತ್ತೆ, ಆಮೇಲೆ ಹುಟ್ಟೋ ತೊಂದ್ರೆಗಳು ಬೀಟಾದಲ್ಲೂ ಇರಲಿಲ್ಲ ಸ್ಟೇಬಲ್‌ನಲ್ಲೂ ಇರಲಿಲ್ಲ. ಫ್ಯಾಕ್ಟರಿ ರೀಸೆಟ್ ಮಾಡಿ ಕೈಯಾರೆ ತುಂಬಿ, ಅರ್ಧ ಗಂಟೆ ಕೆಲಸ. ಶುರು ಮಾಡೋಕೆ ಮುಂಚೆ ಪಿಪಿಪಿಒಇ ಯೂಸರ್‌ನೇಮ್ ಪಾಸ್‌ವರ್ಡ್, ವಿಎಲ್ಯಾನ್ ನಂಬರ್ (ಐಎಸ್‌ಪಿ ಲೈನ್‌ಗೆ ಕೊಡೋ ಗುರುತು) ಇದ್ರೆ ಅದು, ಎಲ್ಲಾ ಒಂದು ಕಾಗದದಲ್ಲಿ ಬರ್ಕೊಳ್ಳಿ. ಕಾಗದದಲ್ಲೇ, ಯಾಕಂದ್ರೆ ನೆಟ್ ಇಲ್ಲದಾಗ ಕ್ಲೌಡ್ ನೋಟ್ಸ್ ತೆಗೆಯೋಕಾಗಲ್ಲ. ಪಾಸ್‌ವರ್ಡ್ ಗೊತ್ತಿಲ್ಲ ಅಂದ್ರೆ ಕೇಬಲ್‌ವಾಲಾಗೆ ಹಗಲು ಹೊತ್ತಲ್ಲೇ ಫೋನ್ ಮಾಡಿ ಇಸ್ಕೊಳ್ಳಿ.

ಇನ್ನೆರಡು ನೋಡ್ಕೊಳ್ಳಿ, ಕೆಲವು ಕಂಪನಿಗಳು ಹಿಂದಿನ ವರ್ಷನ್‌ಗೆ ಹೋಗೋಕೆ ಬಿಡೋದೇ ಇಲ್ಲ, ಮತ್ತೆ ನೀವು ವಾಪಸ್ ಹೋಗ್ತಿರೋ ಸ್ಟೇಬಲ್‌ನಲ್ಲಿ ಬೀಟಾದಲ್ಲಿ ಮುಚ್ಚಿದ ಸೆಕ್ಯುರಿಟಿ ತೂತು ಇನ್ನೂ ತೆರೆದೇ ಇರಬಹುದು. ಎರಡೂ ರಿಲೀಸ್ ನೋಟ್ಸ್‌ನಲ್ಲಿ ಬರೆದಿರ್ತಾರೆ, ಓದಿ.

ದಾರಿ ಮೂರು: ಓಪನ್‌ವರ್ಟ್

ಕಂಪನಿ ಫರ್ಮ್‌ವೇರೇ ಬೇಡ, ಅದರ ಬದಲು ಓಪನ್‌ವರ್ಟ್ ಅನ್ನೋ ಪುಕ್ಕಟೆ ಓಪನ್ ಸೋರ್ಸ್ ಫರ್ಮ್‌ವೇರ್ ಹಾಕೋಣ ಅನ್ನೋ ದಾರಿ. ಮಾನಿಟರಿಂಗ್ ವಿಷಯಕ್ಕೆ ಮಾತ್ರ ಹೇಳೋದಾದ್ರೆ ಇಷ್ಟು ಸ್ವಾತಂತ್ರ್ಯ ಬೇರೆ ಎಲ್ಲೂ ಇಲ್ಲ. ಒಟ್ಟು ಲೆಕ್ಕಕ್ಕೆ ವಿಎನ್‌ಸ್ಟ್ಯಾಟ್, ಡಿವೈಸ್ ಪ್ರಕಾರ ಐಪಿವಿ4 ಐಪಿವಿ6 ಎರಡೂ ಸೇರಿಸಿ ಎಣಿಸೋಕೆ ಎನ್‌ಎಲ್‌ಬಿಡಬ್ಲ್ಯುಮಾನ್, ಸಿಪಿಯು ತಾಪಮಾನದವರೆಗೂ ಗ್ರಾಫ್ ಬೇಕಂದ್ರೆ ಕಲೆಕ್ಟ್‌ಡಿ.

ಸ್ಟೇಬಲ್ ರಿಲೀಸ್ ಹಾಕಿ, ಸ್ನ್ಯಾಪ್‌ಶಾಟ್ ಬೇಡ. ಸ್ನ್ಯಾಪ್‌ಶಾಟ್ ಅಂದ್ರೆ ಬೀಟಾಕ್ಕಿಂತಾನೂ ಹಸಿ. ಅದರಲ್ಲಿ ಲೂಸಿ ಅನ್ನೋ ವೆಬ್ ಪೇಜ್ ಕೂಡ ಬಂದಿರಲ್ಲ, ಎಸ್‌ಎಸ್‌ಎಚ್‌ನಲ್ಲಿ (ಕಮಾಂಡ್ ಟೈಪ್ ಮಾಡಿ ಒಳಗೆ ಹೋಗೋ ದಾರಿ) ಹೋಗಿ ಹಾಕ್ಕೊಬೇಕು. ಅದಕ್ಕಿಂತ ದೊಡ್ಡ ಕಾಟ ಏನಂದ್ರೆ ಸ್ನ್ಯಾಪ್‌ಶಾಟ್ ದಿನಾ ಹೊಸದಾಗಿ ಬಿಲ್ಡ್ ಆಗ್ತಿರತ್ತೆ, ನೀವು ಸೋಮವಾರ ಹಾಕಿದ ಕರ್ನಲ್‌ಗೆ (ಸಿಸ್ಟಮ್‌ನ ತಿರುಳು) ಶನಿವಾರ ಹೋಗಿ ಹೆಚ್ಚಿನ ಮಾಡ್ಯೂಲ್ ಹಾಕ್ತೀನಿ ಅಂದ್ರೆ ವರ್ಷನ್ ಹೊಂದಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳತ್ತೆ, ಪೂರ್ತಿ ಇಮೇಜೇ ಮತ್ತೆ ಹಾಕ್ಬೇಕು. 2024ರ ನವೆಂಬರ್‌ನಲ್ಲಿ ಸ್ನ್ಯಾಪ್‌ಶಾಟ್‌ನಲ್ಲಿ ಒಪಿಕೆಜಿ ತೆಗೆದು ಎಪಿಕೆ ಅನ್ನೋ ಬೇರೆ ಪ್ಯಾಕೇಜ್ ಮ್ಯಾನೇಜರ್ (ಸಾಫ್ಟ್‌ವೇರ್ ಹಾಕೋ ತೆಗೆಯೋ ಟೂಲ್) ತಂದ್ರು, 24.10 ರಿಲೀಸ್‌ನಲ್ಲಿ ಮಾತ್ರ ಹಳೇದೇ ಉಳೀತು, ಹಾಗಾಗಿ ಯಾವುದೋ ಹಳೇ ಟ್ಯುಟೋರಿಯಲ್ ನೋಡಿ ಸ್ನ್ಯಾಪ್‌ಶಾಟ್‌ನಲ್ಲಿ ಕಮಾಂಡ್ ಹೊಡೆದ್ರೆ ಅದು ನಡೆಯಲ್ಲ, ಜನ ಅದನ್ನ ಬಗ್ ಅಂದ್ಕೊಂಡು ಕೂತಿರ್ತಾರೆ.

ಎನ್‌ಎಲ್‌ಬಿಡಬ್ಲ್ಯುಮಾನ್ ಹಾಕಿದ್ಮೇಲೆ ಒಂದು ಸೆಟ್ಟಿಂಗ್ ಮುಟ್ಟಲೇಬೇಕು. ಮಾಮೂಲಿಯಾಗಿ ಅದು ಡೇಟಾಬೇಸನ್ನ ರ‍್ಯಾಮ್‌ನಲ್ಲೇ ಇಡತ್ತೆ, ಅಲ್ಲಿಗೂ ಬರೆಯೋದು 24 ಗಂಟೆಗೊಂದ್ಸಲ. ಲೈಟ್ ಹೋದ್ರೆ ತಿಂಗಳ ಲೆಕ್ಕಾನೇ ಮಂಗಮಾಯ. ಒಂದು ಸಣ್ಣ ಪೆನ್‌ಡ್ರೈವ್ ಸಿಕ್ಕಿಸಿ ಫೋಲ್ಡರ್ ಅಲ್ಲಿಗೆ ತಿರುಗಿಸಿ, ಬರೆಯೋದನ್ನ ಗಂಟೆಗೊಂದ್ಸಲ ಮಾಡಿ. ರೌಟರ್‌ನ ಒಳಗಿನ ಫ್ಲ್ಯಾಶ್‌ಗೆ ಮಾತ್ರ ನಿಮಿಷಕ್ಕೊಂದ್ಸಲ ಬರೆಸ್ಬೇಡಿ, ಸವೆದು ಹೋಗತ್ತೆ.

ಫೈರ್‌ವಾಲ್ ಪೇಜಲ್ಲಿ ಆಫ್‌ಲೋಡಿಂಗ್ ಅಂತ ಇರತ್ತೆ, ಕೋಪರ್ ಸ್ಟೇಷನ್ ಕಥೆ ಇಲ್ಲೂ ಅದೇ, ಹಾರ್ಡ್‌ವೇರ್ ಆಫ್‌ಲೋಡಿಂಗ್ ಹಾಕಿದ್ರೆ ಡಿವೈಸ್ ಲೆಕ್ಕ ನಂಬೋ ಮುಂಚೆ 1 ಜಿಬಿ ಪರೀಕ್ಷೆ ಮಾಡಿ. ಎಸ್‌ಕ್ಯುಎಂ (ಲೈನ್ ತುಂಬಿದಾಗ್ಲೂ ತಡ ಆಗದ ಹಾಗೆ ಟ್ರಾಫಿಕ್ ಸಾಲು ನೋಡ್ಕೊಳ್ಳೋದು) ಬೇಕಂದ್ರೆ ಹಾರ್ಡ್‌ವೇರ್ ಆಫ್‌ಲೋಡಿಂಗ್ ಬಿಡಲೇಬೇಕು.

ಕಷ್ಟ ಎಲ್ಲಿ ಅಂದ್ರೆ ರೌಟರ್‌ನಲ್ಲಿ. ಬ್ರಾಡ್‌ಕಾಮ್ ವೈಫೈ ಇರೋದ್ರಲ್ಲಿ ಓಪನ್‌ವರ್ಟ್ ಕೈ ಕೊಡತ್ತೆ, ಐಎಸ್‌ಪಿ ಕೊಟ್ಟ ಡಬ್ಬಿಗಳು ಹೆಚ್ಚಿನವು ಬೀಗ ಹಾಕಿರೋವು. ಮೀಡಿಯಾಟೆಕ್ ಚಿಪ್ ಇರೋ ರೌಟರ್‌ಗಳಲ್ಲಿ ಚೆನ್ನಾಗಿ ನಡೆಯತ್ತೆ. ಲ್ಯಾಮಿಂಗ್ಟನ್ ರೋಡ್‌ಗೋ ಪುಣೆಯ ತಪ್ಕೀರ್ ಗಲ್ಲಿಗೋ ಹೋಗಿ ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಡಬ್ಬಿ ಮೇಲಿನ ಮಾಡೆಲ್ ನಂಬರ್ ಮಾತ್ರ ನೋಡಿದ್ರೆ ಸಾಲಲ್ಲ, ಅಡಿಯಲ್ಲಿರೋ ಸ್ಟಿಕ್ಕರ್‌ನಲ್ಲಿ ಹಾರ್ಡ್‌ವೇರ್ ವರ್ಷನ್ ನೋಡಿ, ವಿ1 ವಿ2 ಅಂತ ಸಣ್ಣಕ್ಕೆ ಬರೆದಿರತ್ತೆ, ಒಂದೇ ಹೆಸರಿನ ಒಳಗೆ ಬೇರೆ ಬೇರೆ ಚಿಪ್ ಇರತ್ತೆ. ಅಂಗಡಿಯವನು "ಸಬ್ ಸೇಮ್ ಹೈ ಭಾಯ್" ಅಂತಾನೆ. ಸೇಮ್ ಅಲ್ಲ.

ಹಿಂಜವಡಿ ಹುಡುಗ್ರಿಗೆ ಇದು ಸರಿ. ಬಿಲ್ ಹಂಚ್ಕೊಳ್ಳೋಕೆ ಡಿವೈಸ್ ಪ್ರಕಾರ ಲೆಕ್ಕ ಬೇಕು, ದುಡ್ಡು ಕಮ್ಮಿ, ಹೊತ್ತು ಬೇಕಾದಷ್ಟಿದೆ, ಪ್ಲಾನ್ 200. ಬಿಲ್ ಜಗಳ ಅದ್ರಿಂದ ನಿಲ್ಲತ್ತಾ ಅನ್ನೋದು ಬೇರೆ ಮಾತು.

ದಾರಿ ನಾಲ್ಕು: ಲೆಕ್ಕ ರೌಟರ್‌ನಿಂದ ಹೊರಗೆ

ಬೀಟಾ ಬೇಕೇ ಬೇಕು ಅನ್ನೋರಿಗೆ ನಾನು ಹೇಳೋದು ಇದನ್ನೇ. ವಾರಕ್ಕೊಂದ್ಸಲ ಬದಲಾಗೋ ವಸ್ತುವಿನ ಒಳಗೆ ಅದನ್ನೇ ಅಳೆಯೋ ವಸ್ತು ಇಟ್ಕೊಂಡ್ರೆ ಯಾವುದು ಕೆಟ್ಟಿದೆ ಅಂತ ಯಾವತ್ತೂ ಗೊತ್ತಾಗಲ್ಲ. ಒಂದು ರಾಸ್‌ಬೆರಿ ಪೈ (ಅಂಗೈಯಷ್ಟಿರೋ ಕಂಪ್ಯೂಟರ್) ಸಾಕು, ಇಲ್ಲಾ ಮೂಲೆಯಲ್ಲಿ ಬಿದ್ದಿರೋ ಹಳೇ ಲ್ಯಾಪ್‌ಟಾಪ್ (ಬ್ಯಾಟರಿ ಅರ್ಧ ಗಂಟೆ ಬಂದ್ರೂ ಸಾಕು, ಅದೇ ಯುಪಿಎಸ್).

ಲೈನ್ ಏಳೋದು ಬೀಳೋದು ಮಾತ್ರ ಬೇಕಂದ್ರೆ ಅಪ್‌ಟೈಮ್ ಕುಮಾ ಅನ್ನೋ ಸಾಫ್ಟ್‌ವೇರ್ ಹಾಕಿ, ಮೂರು ಕಡೆ ಪಿಂಗ್ (ಇದ್ದೀಯಾ ಅಂತ ಕೇಳೋ ಸಣ್ಣ ಸಂದೇಶ) ಕೊಡಿ: ನಿಮ್ಮ ರೌಟರ್, ಐಎಸ್‌ಪಿಯ ಮೊದಲ ಗೇಟ್‌ವೇ (ನಿಮ್ಮ ಲೈನ್ ಮೊದ್ಲು ಮುಟ್ಟೋ ಅವರ ಮಷೀನು), ಆಮೇಲೆ ಹೊರಗಿನ ಇಂಟರ್ನೆಟ್‌ನಲ್ಲಿರೋ 1.1.1.1 ಅಥವಾ 8.8.8.8. ರೌಟರ್ ಬಿದ್ರೆ ಬೀಟಾ ತಪ್ಪು, ರೌಟರ್ ಇದ್ದು ಗೇಟ್‌ವೇ ಬಿದ್ರೆ ಕೇಬಲ್‌ವಾಲಾ, ಗೇಟ್‌ವೇ ಇದ್ದು ಕೊನೇದು ಬಿದ್ರೆ ಅವನ ಮೇಲಿನವರು. ವಾಸ್ಕೋ ಅಕ್ಕನಿಗೆ ಬೇಕಾಗಿದ್ದು ಇಷ್ಟೇ, ಗೆಸ್ಟ್ ಬಂದು ನೆಟ್ ಇಲ್ಲ ಅಂದಾಗ ಯಾರಿಗೆ ಫೋನ್ ಮಾಡ್ಬೇಕು ಅಂತ ಗೊತ್ತಾದ್ರೆ ಸಾಕು. ಗೇಟ್‌ವೇ ಪಿಂಗ್‌ಗೆ ಆಗಾಗ ಉತ್ತರ ಕೊಡ್ದೇ ಇದ್ರೆ ಹೆದರ್ಬೇಡಿ, ದೊಡ್ಡ ರೌಟರ್‌ಗಳು ಪಿಂಗ್‌ಗೆ ಉತ್ತರ ಕೊಡೋದನ್ನ ಕೊನೇ ಕೆಲಸ ಅಂತ ಇಟ್ಕೊಂಡಿರ್ತಾವೆ, ಅದರ ಆಚೆ ಇರೋದಕ್ಕೆ ಪಿಂಗ್ ಹೋಗ್ತಿದ್ರೆ ಲೈನ್ ಚೆನ್ನಾಗೇ ಇದೆ.

ಆಕೆ ಊರಿಗೆ ಹೋದಾಗ ಅಲ್ಲಿಂದಾನೇ ನೋಡ್ಬೇಕು ಅಂದ್ರೆ ಹೊರಗಿಂದ ಒಳಗೆ ಪಿಂಗ್ ಮಾಡೋ ಸರ್ವಿಸ್ ಕೆಲಸಕ್ಕೆ ಬರದೇ ಇರಬಹುದು. ವ್ಯಾನ್ ಅಡ್ರೆಸ್ 100.64ರಿಂದ 100.127ರ ಒಳಗೆ ಶುರುವಾಗ್ತಿದ್ರೆ ನೀವು ಸಿಜಿನ್ಯಾಟ್ (ಒಂದೇ ಹೊರಗಿನ ಅಡ್ರೆಸ್ ತುಂಬಾ ಮನೆಗಳಿಗೆ ಹಂಚೋದು) ಹಿಂದೆ ಇದೀರ, ಹೊರಗಿಂದ ಯಾರೂ ಬಾಗಿಲು ತಟ್ಟೋಕಾಗಲ್ಲ. ಒಳಗಿಂದಾನೇ ಮೆಸೇಜ್ ಕಳಿಸೋ ಹಾಗೆ ಮಾಡಿ, ಇಲ್ಲಾ ಟೇಲ್‌ಸ್ಕೇಲ್ (ಹೊರಗಿಂದ ಮನೆ ನೆಟ್‌ವರ್ಕ್‌ಗೆ ಸೇರಿಸೋ ವಿಪಿಎನ್) ಹಾಕ್ಕೊಳ್ಳಿ.

ಟ್ರಾಫಿಕ್ ಲೆಕ್ಕ ಬೇಕಂದ್ರೆ ಎಸ್‌ಎನ್‌ಎಂಪಿ, ಅಂದ್ರೆ ರೌಟರ್‌ನ ಕೌಂಟರ್‌ಗಳನ್ನ ಹೊರಗಿಂದ ಕೇಳಿ ತಿಳ್ಕೊಳ್ಳೋ ಪದ್ಧತಿ. ರೌಟರ್‌ನಲ್ಲಿ ಇದ್ರೆ ಪೈ ಮೇಲೆ ಲಿಬ್ರೆಎನ್‌ಎಂಎಸ್ (ಆ ಲೆಕ್ಕದ ಗ್ರಾಫ್ ಬರೆಯೋ ಸಾಫ್ಟ್‌ವೇರ್) ಹಾಕಿ ಐದು ನಿಮಿಷಕ್ಕೊಂದ್ಸಲ ಕೇಳಬಹುದು. ಇಲ್ಲಿ ಕಾಲು ಜಾರಿ ಬೀಳೋಕೆ ಎರಡು ಗುಂಡಿ ಇದಾವೆ. ಹಳೇ ಕೌಂಟರ್ 32 ಬಿಟ್‌ದು, 4.29 ಜಿಬಿ ಆದ ಕೂಡ್ಲೇ ಮತ್ತೆ ಸೊನ್ನೆಯಿಂದ ಶುರು. 100 ಎಂಬಿಪಿಎಸ್ ಪೂರ್ತಿ ಓಡಿದ್ರೆ ಅದು ಸುತ್ತೋಕೆ ಐದೂಮುಕ್ಕಾಲು ನಿಮಿಷ ಬೇಕು, ಐದು ನಿಮಿಷದ ಲೆಕ್ಕದಲ್ಲಿ ಹೇಗೋ ತಪ್ಪಿಸ್ಕೊಳ್ಳತ್ತೆ. 300 ಓಡಿದ್ರೆ ಐದು ನಿಮಿಷದಲ್ಲಿ 11.25 ಜಿಬಿ ಹೋಗಿರತ್ತೆ, ಕೌಂಟರ್ ಎರಡು ಸುತ್ತು ಹಾಕಿರತ್ತೆ, ಉಳಿದ 2.66 ಮಾತ್ರ ಕಾಣತ್ತೆ, ಗ್ರಾಫ್ "71 ಎಂಬಿಪಿಎಸ್" ಅಂತ ಶಾಂತವಾಗಿ ಗೆರೆ ಎಳೆಯತ್ತೆ. ಪ್ಲಾನ್ ಅಪ್‌ಗ್ರೇಡ್ ಮಾಡಿದ್ಮೇಲೆ ಗ್ರಾಫ್ ಕೆಳಗೆ ಹೋಯ್ತು ಅಂತ ಯಾರಾದ್ರೂ ಅಂದ್ರೆ ಮೊದ್ಲು ಇದನ್ನೇ ನೋಡಿ. ಮದ್ದು 64 ಬಿಟ್ ಕೌಂಟರ್, ಹೆಸರಲ್ಲಿ ಎಚ್‌ಸಿ ಅಂತ ಇರತ್ತೆ, ಅದಕ್ಕೆ ಎಸ್‌ಎನ್‌ಎಂಪಿ ವಿ2ಸಿ ಅಥವಾ ವಿ3 ಬೇಕು, ವಿ1ನಲ್ಲಿ ಸಿಗಲ್ಲ. ಅಪ್‌ಡೇಟ್ ಆದ ಮೇಲೆ ಎಸ್‌ಎನ್‌ಎಂಪಿ ಸೆಟ್ಟಿಂಗ್ ಹಳೇ ವರ್ಷನ್‌ಗೆ ಬಿದ್ದಿರೋದೂ ಉಂಟು.

ಎರಡನೇ ಗುಂಡಿ, ಇಂಟರ್‌ಫೇಸ್ ಸಂಖ್ಯೆ. ಫರ್ಮ್‌ವೇರ್ ಬದಲಾದ್ರೆ ಮುಂಚೆ 4ನೇ ಇಂಟರ್‌ಫೇಸ್ ಇದ್ದದ್ದು 6 ಆಗಿರತ್ತೆ, ಗ್ರಾಫ್‌ನಲ್ಲಿ ವ್ಯಾನ್ ಇದ್ದ ಜಾಗದಲ್ಲಿ ಗೆಸ್ಟ್ ವೈಫೈ ಬಂದು ಕೂತಿರತ್ತೆ. ಲಿಬ್ರೆಎನ್‌ಎಂಎಸ್‌ನಲ್ಲಿ ಪೋರ್ಟನ್ನ ಸಂಖ್ಯೆ ಬದಲು ಹೆಸರಿನಿಂದ ಗುರುತಿಸೋ ಆಯ್ಕೆ ಇದೆ, ಡಿವೈಸ್ ಸೇರಿಸೋವಾಗ್ಲೇ ಅದನ್ನ ಹಾಕಿ.

ರೌಟರ್‌ನಲ್ಲಿ ಎಸ್‌ಎನ್‌ಎಂಪಿನೇ ಇಲ್ಲ ಅಂದ್ರೆ ಪೋರ್ಟ್ ಮಿರರಿಂಗ್ (ಒಂದು ಪೋರ್ಟ್‌ನ ಟ್ರಾಫಿಕ್ ಕಾಪಿನ ಇನ್ನೊಂದಕ್ಕೆ ಕಳಿಸೋದು) ಇರೋ ಸಣ್ಣ ಸ್ವಿಚ್, ಟಿಪಿ-ಲಿಂಕ್ ಟಿಎಲ್-ಎಸ್‌ಜಿ105ಇ ಥರದ್ದು. ಅದನ್ನ ರೌಟರ್‌ಗೂ ಮನೆಯ ಮಿಕ್ಕ ಸಾಮಾನಿಗೂ ಮಧ್ಯೆ ಇಟ್ಟು, ಆ ಪೋರ್ಟ್‌ನ ಕಾಪಿನ ಪೈಗೆ ಕೊಟ್ಟು ಎನ್‌ಟಾಪ್‌ಎನ್‌ಜಿ ಅನ್ನೋ ಟ್ರಾಫಿಕ್ ಎಣಿಸೋ ಸಾಫ್ಟ್‌ವೇರ್ ಓಡಿಸಿದ್ರೆ ರೌಟರ್ ಏನ್ ಸುಳ್ಳು ಹೇಳಿದ್ರೂ ನಿಮಗೇನು. ಷರತ್ತು ಒಂದೇ, ವೈಫೈ ಕೊಡೋದು ಅದೇ ರೌಟರ್ ಆಗಿದ್ರೆ ವೈಫೈ ಟ್ರಾಫಿಕ್ ಸ್ವಿಚ್‌ವರೆಗೂ ಬರೋದೇ ಇಲ್ಲ. ಸ್ವಿಚ್‌ನ ರೌಟರ್‌ಗೂ ಫೈಬರ್ ಡಬ್ಬಿಗೂ ಮಧ್ಯೆ ಇಟ್ರೆ ಎಲ್ಲಾ ಕಾಣತ್ತೆ, ಆದ್ರೆ ಐಪಿವಿ4 ಅಷ್ಟೂ ಒಂದೇ ಅಡ್ರೆಸ್‌ನಲ್ಲಿ ಕಾಣತ್ತೆ, ಯಾರದ್ದು ಎಷ್ಟು ಅಂತ ಬಿಡಿಸೋಕಾಗಲ್ಲ. ಪೈ ಮೇಲೆ ಎಸ್‌ಡಿ ಕಾರ್ಡ್ ಬದಲು ಸಣ್ಣ ಎಸ್‌ಎಸ್‌ಡಿ ಹಾಕಿ, ಪದೇ ಪದೇ ಲೈಟ್ ಹೋಗೋ ಕಡೆ ಕಾರ್ಡ್ ಬಾಳಿಕೆ ಬರಲ್ಲ.

ದಾರಿ ಐದು: ಕೆಲಸ ಹಂಚೋದು

ಮುಲುಂಡ್ ಶೆಟ್ರದ್ದು ಬೇರೇನೇ ಕೇಸು. ಬಿಲ್ಲಿಂಗ್ ಮಷೀನು, ಸಿಸಿಟಿವಿ ಡಿವಿಆರ್, ಗಿರಾಕಿಗಳ ವೈಫೈ ಎಲ್ಲಾ ಒಂದೇ ರೌಟರ್‌ನಲ್ಲಿ. ಬೀಟಾ ಹಾಕಿದ್ದು ಅವರ ಮಗ, ಗಿರಾಕಿಗಳ ವೈಫೈ ಕಟ್ ಆಗೋದು ಅದ್ರಿಂದ ನಿಂತಿದ್ದು ನಿಜ, ವಾಪಸ್ ಹೋಗೋ ಹಾಗಿಲ್ಲ. ಆದ್ರೆ ಮಾನಿಟರ್‌ನಲ್ಲಿ ಬಿಲ್ಲಿಂಗ್ ಮಷೀನು ದಿನಕ್ಕೆ ನಾಲ್ಕು ಜಿಬಿ ಅಪ್‌ಲೋಡ್ ಮಾಡ್ತಿದೆ ಅಂತ ಬರ್ತಿತ್ತು, ಬಿಲ್ಲಿಂಗ್ ಸಾಫ್ಟ್‌ವೇರ್‌ನೋನಿಗೆ ಬೈದಿದ್ದೂ ಆಯ್ತು. ನೋಡಿದ್ರೆ ಅದು ಡಿವಿಆರ್. ಅಪ್‌ಡೇಟ್ ಆದಾಗ ಐಪಿಗಳು ಅದಲು ಬದಲಾಗಿ, ಮಾನಿಟರ್ ಮಾತ್ರ ಹಳೇ ಹೆಸರನ್ನೇ ಹಿಡ್ಕೊಂಡು ಕೂತಿತ್ತು.

ಇಂಥ ಕಡೆ ಬೀಟಾ ರೌಟರನ್ನ ಬರೀ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ವೈಫೈ ಕೊಡೋದಷ್ಟೇ ಅದರ ಕೆಲಸ. ರೌಟಿಂಗಿಗೂ ಲೆಕ್ಕಕ್ಕೂ ಮುಂದೆ ಒಂದು ವೈಫೈ ಇಲ್ಲದ ಸಣ್ಣ ರೌಟರ್, ಮೈಕ್ರೋಟಿಕ್ ಹೆಕ್ಸ್ ಥರದ್ದು. ಮೈಕ್ರೋಟಿಕ್‌ನಲ್ಲಿ ಟಾರ್ಚ್ ಅಂತ ಇದೆ, ಈ ಕ್ಷಣ ಯಾರು ಎಷ್ಟು ಎಳೀತಿದಾರೆ ಅಂತ ತೋರಿಸತ್ತೆ, ಗ್ರಾಫ್ ಇದೆ, ಎಸ್‌ಎನ್‌ಎಂಪಿ ಇದೆ. ಅದರ ಅಪ್‌ಡೇಟ್ ಚಾನೆಲ್‌ಗಳಲ್ಲಿ ಲಾಂಗ್-ಟರ್ಮ್ ಆರಿಸಿ, ಟೆಸ್ಟಿಂಗ್ ಡೆವಲಪ್‌ಮೆಂಟ್ ಕಡೆ ಹೋಗ್ಬೇಡಿ, ಹೋದ್ರೆ ಇದೆಲ್ಲ ಮಾಡಿ ಏನ್ ಬಂತು. ಪ್ಯಾಕೆಟ್‌ಗಳನ್ನ ಶಾರ್ಟ್‌ಕಟ್‌ನಲ್ಲಿ ಬಿಡೋ ಫಾಸ್ಟ್‌ಟ್ರ್ಯಾಕ್ ಅನ್ನೋ ರೂಲ್ ಮೊದ್ಲಿಂದಾನೇ ಇರತ್ತೆ, ಸಿಂಪಲ್ ಕ್ಯೂ ಹಾಕಿ ಗಿರಾಕಿಗಳ ಸ್ಪೀಡ್ ಕಟ್ಟಿ ಲೆಕ್ಕ ಇಡ್ಬೇಕಂದ್ರೆ ಅದನ್ನ ತೆಗೀಬೇಕು, ಯಾಕಂದ್ರೆ ಫಾಸ್ಟ್‌ಟ್ರ್ಯಾಕ್ ಆದ ಪ್ಯಾಕೆಟ್ ಸಿಂಪಲ್ ಕ್ಯೂಗೆ ಸಿಗಲ್ಲ.

ನಷ್ಟ ಇಲ್ಲೂ ಇದೆ. ಮೈಕ್ರೋಟಿಕ್ ಸ್ಕ್ರೀನ್ ಮೊದಲ ಸಲ ನೋಡಿದೋರಿಗೆ ತಲೆ ಸುತ್ತತ್ತೆ, ಯಾರಾದ್ರೂ ತಿಳಿದೋರು ಜೊತೆಗಿರಲಿ. ಹಳೇ ರೌಟರನ್ನ ಎಪಿ ಮೋಡ್‌ಗೆ ಹಾಕೋದು ಮರೆತ್ರೆ ಡಬಲ್ ನ್ಯಾಟ್ (ಎರಡು ರೌಟರ್‌ಗಳೂ ಒಂದರ ಹಿಂದೊಂದು ಅಡ್ರೆಸ್ ಬದಲಾಯಿಸೋದು) ಆಗಿ ಹೊಸ ರೌಟರ್‌ಗೆ ಇಡೀ ಹೋಟೆಲ್ ಒಂದೇ ಡಿವೈಸಾಗಿ ಕಾಣತ್ತೆ. ಮತ್ತೆ ಇಲ್ಲಿನ ಕೇಬಲ್‌ವಾಲಾಗಳು ಎಷ್ಟೋ ಜನ ಮ್ಯಾಕ್ ಬೈಂಡ್ ಮಾಡಿರ್ತಾರೆ (ಒಂದೇ ರೌಟರ್‌ನ ಮ್ಯಾಕ್ ಅಡ್ರೆಸ್‌ಗೆ ಲೈನ್ ಕಟ್ಟಿರ್ತಾರೆ), ಹೊಸ ರೌಟರ್ ಹಾಕಿದ್ರೆ ನೆಟ್ ಬರಲ್ಲ, ಹಳೇದರ ವ್ಯಾನ್ ಮ್ಯಾಕ್ ಹೊಸದಕ್ಕೆ ಕ್ಲೋನ್ ಮಾಡಿ ಇಲ್ಲಾ ಫೋನ್ ಮಾಡಿ ಬದಲಾಯ್ಸಿ. ಹೋಟೆಲ್‌ನೋರು ಇದನ್ನ ಮಧ್ಯಾಹ್ನ ಊಟದ ರಶ್ ಹೊತ್ತಲ್ಲಿ ಮಾಡೋಕೆ ಹೋಗ್ಬೇಡಿ.

ದುಡ್ಡಿನ ಲೆಕ್ಕದಲ್ಲಿ ನೋಡಿದ್ರೆ ಮೊದಲೆರಡು ದಾರಿ ಪುಕ್ಕಟೆ, ಓಪನ್‌ವರ್ಟ್ ನಿಮ್ಮ ರೌಟರ್ ಹೊಂದಿದ್ರೆ ಪುಕ್ಕಟೆ ಹೊಂದದಿದ್ರೆ ಹೊಸ ರೌಟರ್ ಬೆಲೆ, ನಾಲ್ಕನೇದಕ್ಕೆ ಹಳೇ ಲ್ಯಾಪ್‌ಟಾಪ್ ಇದ್ರೆ ಬರೀ ಕರೆಂಟ್ ಬಿಲ್ಲು, ಐದನೇದಕ್ಕೆ ಒಂದು ರೌಟರ್ ಖರ್ಚು ಗ್ಯಾರಂಟಿ. ಹೊತ್ತಿನ ಲೆಕ್ಕದಲ್ಲಿ ಸ್ಟೇಬಲ್‌ಗೆ ಹೋಗೋದೇ ಅಗ್ಗ, ಬೀಟಾದಲ್ಲೇ ಇದ್ದು ಒದ್ದಾಡೋದೇ ದುಬಾರಿ, ಯಾಕಂದ್ರೆ ಅದು ಮುಗಿಯೋದೇ ಇಲ್ಲ.

ಬೀಟಾದಲ್ಲೇ ಉಳಿಯೋರು ಇನ್ನೊಂದು ಮಾಡಿ, ರೌಟರ್‌ನ ಲಾಗ್ ಹೊರಗೆ ಕಳಿಸೋ ಸೆಟ್ಟಿಂಗ್ ಆನ್ ಮಾಡಿ, ರಿಮೋಟ್ ಸಿಸ್‌ಲಾಗ್ ಅಂತ ಇರತ್ತೆ, ಪೋರ್ಟ್ ಯುಡಿಪಿ 514, ಪೈ ಇಲ್ಲಾ ಹಳೇ ಲ್ಯಾಪ್‌ಟಾಪ್ ಅದನ್ನ ಹಿಡ್ಕೊಳ್ಳತ್ತೆ. ರೌಟರ್ ತಾನಾಗೇ ರೀಬೂಟ್ ಆದ್ರೆ ಒಳಗಿನ ಲಾಗ್ ಅಳಿಸಿ ಹೋಗಿರತ್ತೆ, ಬೇಕಾಗಿರೋ ಸಾಲು ಯಾವಾಗ್ಲೂ ಆ ಅಳಿಸಿ ಹೋದ ಭಾಗದಲ್ಲೇ ಇರತ್ತೆ. ಡೆವಲಪರ್‌ಗೆ ಬಗ್ ಬರೆಯೋವಾಗ "ಗ್ರಾಫ್ ಸರಿ ಇಲ್ಲ" ಅಂತ ಮಾತ್ರ ಬರೆದ್ರೆ ಯಾರೂ ತಿರುಗಿ ನೋಡಲ್ಲ. ರೌಟರ್ ಮಾಡೆಲ್ ಹಾರ್ಡ್‌ವೇರ್ ವರ್ಷನ್ ಸಮೇತ, ಬೀಟಾದ ಪೂರ್ತಿ ಬಿಲ್ಡ್ ನಂಬರ್, ಪಿಪಿಪಿಒಇನಾ ಅಲ್ವಾ, ಆಕ್ಸಿಲರೇಷನ್ ಆನ್ ಇದ್ದಾಗ 1 ಜಿಬಿಗೆ ಎಷ್ಟು ಏರಿತು, ಆಫ್ ಇದ್ದಾಗ ಎಷ್ಟು, ಫ್ಯಾಕ್ಟರಿ ರೀಸೆಟ್ ಮಾಡಿದ್ಮೇಲೂ ಹಾಗೇನಾ, ಇಷ್ಟು ಬರೆದು ಲಾಗ್ ಜೊತೆ ಕಳಿಸಿ. ಕಳಿಸೋ ಮುಂಚೆ ಲಾಗ್‌ನಲ್ಲಿ ನಿಮ್ಮ ಪಿಪಿಪಿಒಇ ಯೂಸರ್‌ನೇಮು, ಮ್ಯಾಕ್ ಅಡ್ರೆಸ್ಸು ಅಳಿಸಿ.